ಬಯಲು ಕಲಾಮೇಳದಲ್ಲಿ ಮಳಿಗೆ ಹಾಕಬೇಕೆ? ಮೊದಲು ಗೇಟಿನಲ್ಲಿ ನಿಂತು ನೋಡಿ

ಬಯಲು ಕಲಾಮೇಳದ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಎದ್ದು ಕಾಣುವ ಅಂಕಿ ಸಾಮಾನ್ಯವಾಗಿ ಒಂದೇ: ಎಷ್ಟು ಸಾವಿರ ಜನ ಬರುತ್ತಾರೆ ಎಂಬುದು. ಚಿತ್ರ ಮಾರಿ ಬದುಕುವವರಿಗೆ ಆ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಹಾಡು ಕೇಳಲು ಬಂದವರು, ಮಕ್ಕಳನ್ನು ಆಡಿಸಲು ಬಂದವರು, ಸುಮ್ಮನೆ ಸುತ್ತಾಡಲು ಬಂದವರು ಎಲ್ಲರೂ ಅದರಲ್ಲಿದ್ದಾರೆ. ಅವರಲ್ಲಿ ಎಷ್ಟು ಮಂದಿ ಚಿತ್ರ ಹಿಡಿದು ಮನೆಗೆ ಹೋಗುತ್ತಾರೆ? ಬಾಡಿಗೆ ಕಟ್ಟುವ ಮೊದಲೇ ಇದನ್ನು ಅಂದಾಜು ಮಾಡಬಹುದು.

1. ಹಿಂದಿನ ವರ್ಷವೇ ಬರಿಗೈಯಲ್ಲಿ ಹೋಗಿ

ಮಳಿಗೆ ಹಾಕುವ ಹಿಂದಿನ ವರ್ಷ ನೋಡುಗರಾಗಿ ಹೋಗಿ ಬನ್ನಿ. ಒಂದು ಸುತ್ತು ಹಾಕಿ, ಮೇಳ ಮುಗಿಯಲು ಎರಡು ಗಂಟೆ ಇರುವಾಗ ವಾಹನ ನಿಲ್ಲಿಸುವ ಕಡೆಯ ಗೇಟಿನ ಪಕ್ಕ ನಿಂತುಕೊಳ್ಳಿ. ಹೊರಬರುವ 200 ಜನರ ಕೈಗಳನ್ನು ಗಮನಿಸಿ. ಸಣ್ಣ ಕಾಗದದ ಚೀಲಗಳೇ ಹೆಚ್ಚಾಗಿದ್ದರೆ ಅದು ಕಾರ್ಡು, ಕಿವಿಯೋಲೆ, ಪಿಂಗಾಣಿ ಬಟ್ಟಲುಗಳ ಮೇಳ. ಇಬ್ಬರು ಆಚೀಚೆ ಹಿಡಿದು, ಮೂಲೆ ತಾಗದಂತೆ ಅಡ್ಡಡ್ಡ ನಡೆಯುತ್ತ ಫ್ರೇಮು ಹೊತ್ತು ತರುತ್ತಿದ್ದರೆ, ಗೋಡೆಯ ಅಳತೆ ಮನಸ್ಸಿನಲ್ಲಿಟ್ಟುಕೊಂಡೇ ಬರುವ ಗಿರಾಕಿಗಳು ಅಲ್ಲಿದ್ದಾರೆ ಎಂದರ್ಥ. ನಾನು ಹೀಗೆ ನಿಂತಿದ್ದ ಒಂದು ಮೇಳದಲ್ಲಿ ಒಳಗೆ ಕಾಲಿಡಲು ಜಾಗವಿರಲಿಲ್ಲ. ಗೇಟು ದಾಟಿದ ಕೈಗಳಲ್ಲಿ ಕಂಡದ್ದು ಬಲೂನುಗಳು. ಅಲ್ಲಿಗೆ ನಾನು ಅರ್ಜಿ ಹಾಕಲಿಲ್ಲ.

2. ನಿಯಮದ ಹಾಳೆಯನ್ನು ಪೂರ್ತಿ ಓದಿ

ಆಯ್ಕೆ ಸಮಿತಿ ಇದೆಯೇ, ಅಥವಾ ಹಣ ಕಟ್ಟಿದ ಎಲ್ಲರಿಗೂ ಜಾಗವೇ? ತಾವೇ ಮಾಡಿದ್ದನ್ನು ಮಾತ್ರ ಮಾರಬೇಕೆಂಬ ಷರತ್ತು ಇದೆಯೇ? ಇದು ಬಹಳ ಮುಖ್ಯ. ಸಗಟಿನಲ್ಲಿ ತಂದ ಮಾಲು ಪಕ್ಕದ ಮಳಿಗೆಯಲ್ಲಿದ್ದರೆ, ತಿಂಗಳುಗಟ್ಟಲೆ ಕೂತು ಬಿಡಿಸಿದ ನಿಮ್ಮ ಚಿತ್ರದ ಬೆಲೆಯನ್ನು ಜನ ಅದರ ಪಕ್ಕದಲ್ಲಿಟ್ಟು ತೂಗುತ್ತಾರೆ. ಒಂದೊಂದು ಪ್ರಕಾರಕ್ಕೆ ಎಷ್ಟು ಮಳಿಗೆ ಕೊಡುತ್ತಾರೆ ಎಂದೂ ನೋಡಿ. ಮಳೆ ಬಂದು ಮೇಳ ರದ್ದಾದರೆ ಬಾಡಿಗೆ ವಾಪಸ್ ಇಲ್ಲ ಎಂಬ ಸಾಲು ಅನೇಕ ಕಡೆ ಇರುತ್ತದೆ. ಬಾಡಿಗೆಯ ಜೊತೆಗೆ ಮಾರಾಟದ ಮೇಲೂ ಕಮಿಷನ್ ಕೇಳುವವರಿದ್ದಾರೆ. ಅರ್ಜಿ ಶುಲ್ಕವಂತೂ ಆಯ್ಕೆಯಾಗದಿದ್ದರೂ ಹೋದಂತೆಯೇ.

3. ಖರ್ಚನ್ನು ಚಿತ್ರಗಳಲ್ಲಿ ಲೆಕ್ಕ ಹಾಕಿ

ಹಣದ ಬದಲು ಚಿತ್ರಗಳ ಲೆಕ್ಕದಲ್ಲಿ ಬರೆದರೆ ವಿಷಯ ಕಣ್ಣಿಗೆ ಕಟ್ಟುತ್ತದೆ. ನಿಮ್ಮಲ್ಲಿ ಹೆಚ್ಚು ಮಾರಾಟವಾಗುವ ಅಳತೆಯ ಚಿತ್ರದ ಬೆಲೆಯೇ ಅಳತೆಗೋಲಾಗಲಿ. ಒಂದು ಉದಾಹರಣೆ: ಮಳಿಗೆ ಬಾಡಿಗೆ ಮೂರು ಚಿತ್ರಗಳ ಬೆಲೆಯಷ್ಟು, ಪ್ರಯಾಣ ಮತ್ತು ವಸತಿ ಎರಡರಷ್ಟು, ಸಹಾಯಕರಿಗೆ ಒಂದರಷ್ಟು. ಒಟ್ಟು ಆರು. ಹಾಗಾದರೆ ಆರು ಚಿತ್ರ ಮಾರಿದರೆ ಅಸಲು ಹುಟ್ಟಿತೇ? ಇಲ್ಲ. ಪ್ರತಿ ಚಿತ್ರದ ಬೆಲೆಯಲ್ಲಿ ಫ್ರೇಮು, ಕ್ಯಾನ್ವಾಸು, ಬಣ್ಣ, ಕಮಿಷನ್ ಕಳೆದು ಕೈಯಲ್ಲಿ ಉಳಿಯುವುದು ಶೇ 60 ಎಂದುಕೊಳ್ಳಿ. ಆರನ್ನು 0.6ರಿಂದ ಭಾಗಿಸಿದರೆ ಹತ್ತು. ಹತ್ತು ಚಿತ್ರ ಹೋದರೆ ಕೈಯಿಂದ ಹಾಕಿದ್ದು ವಾಪಸ್ ಬರುತ್ತದೆ, ಅಷ್ಟೇ.

ಇನ್ನು ನಿಮ್ಮ ದುಡಿಮೆ. ಎರಡು ದಿನದ ಮೇಳವೆಂದರೆ ಕಟ್ಟುವುದು, ಸಾಗಿಸುವುದು, ಬಿಚ್ಚುವುದು ಸೇರಿ ಐದು ದಿನ ಹೋಗುತ್ತದೆ. ಆ ಐದು ದಿನದ ಕೂಲಿ ಮೂರು ಚಿತ್ರದ ಬೆಲೆಯಷ್ಟಾದರೆ, ಖರ್ಚು ಒಂಬತ್ತು; ಮಾರಬೇಕಾದದ್ದು ಹದಿನೈದು. ದಿನಕ್ಕೆ ಎಂಟು ಗಂಟೆಯಂತೆ ಎರಡು ದಿನಕ್ಕೆ 960 ನಿಮಿಷ. ಅಂದರೆ 64 ನಿಮಿಷಕ್ಕೊಂದು ಚಿತ್ರ ಗೋಡೆಯಿಂದ ಇಳಿಯಬೇಕು. ಕಾರ್ಡುಗಳನ್ನೇ ನೆಚ್ಚಿಕೊಂಡವರು, ಒಂದು ಚಿತ್ರಕ್ಕೆ ಇಪ್ಪತ್ತು ಕಾರ್ಡು ಸಮ ಎಂದಿಟ್ಟುಕೊಂಡರೆ, ಮೂರು ನಿಮಿಷಕ್ಕೊಂದರಂತೆ ಮಾರುತ್ತಲೇ ಇರಬೇಕು. ನಿಮ್ಮದೇ ಸಂಖ್ಯೆ ಹಾಕಿ, ಆ ವೇಗ ಸಾಧ್ಯವೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಬಾಡಿಗೆಯ ಹತ್ತು ಪಟ್ಟು ಮಾರಾಟವಾದರೆ ಮಾತ್ರ ಮೇಳ ಗಿಟ್ಟಿತು ಎನ್ನುವ ಅನುಭವಿಗಳಿದ್ದಾರೆ. ಥಟ್ಟನೆ ಜರಡಿ ಹಿಡಿಯಲು ಆ ಮಾತು ಸರಿ. ಆದರೆ ಮನೆಯಿಂದಲೇ ಹೋಗಿ ಬರುವವರಿಗೂ ದೂರದಿಂದ ವಾಹನ ಮಾಡಿಕೊಂಡು ಬರುವವರಿಗೂ ಒಂದೇ ಸೂತ್ರ ಹೊಂದುವುದಿಲ್ಲ, ಹಾಗಾಗಿ ನಾನು ಚಿತ್ರಗಳ ಲೆಕ್ಕವನ್ನೇ ನಂಬುತ್ತೇನೆ.

4. ಕಲಾವಿದರನ್ನು ಕೇಳಿ, ಪ್ರಶ್ನೆ ಬದಲಿಸಿ ಕೇಳಿ

‘ವ್ಯಾಪಾರ ಹೇಗಿತ್ತು?’ ಎಂದರೆ ‘ಪರವಾಗಿಲ್ಲ’ ಎಂಬ ಉತ್ತರ ಸಿಗುತ್ತದೆ. ‘ಮುಂದಿನ ವರ್ಷ ಮತ್ತೆ ಬರುತ್ತೀರಾ?’, ‘ಯಾವ ಅಳತೆಯವು ಹೆಚ್ಚು ಹೋದವು?’, ‘ಬೋಣಿ ಎಷ್ಟು ಹೊತ್ತಿಗಾಯಿತು?’ ಎಂದು ಕೇಳಿ. ನಿಮ್ಮ ಬೆಲೆಯ ಆಸುಪಾಸಿನಲ್ಲೇ ಮಾರುವವರನ್ನು ಕೇಳಬೇಕು. ಗಿರಾಕಿ ಮುಂದೆ ನಿಂತಿರುವಾಗ ಮಾತ್ರ ಬೇಡ. ಹಿಂದಿನ ಎರಡು ವರ್ಷಗಳ ಕಲಾವಿದರ ಪಟ್ಟಿ ಸಿಕ್ಕರೆ ಪಕ್ಕಪಕ್ಕ ಇಟ್ಟು ನೋಡಿ. ಅದೇ ಹೆಸರುಗಳು ಮತ್ತೆ ಮತ್ತೆ ಕಂಡರೆ ಒಳ್ಳೆಯ ಲಕ್ಷಣ.

5. ಗಾಳಿ, ಬಿಸಿಲು, ನೆಲ

ಬಯಲೆಂದ ಮೇಲೆ ಚಿತ್ರಕ್ಕೆ ಅಪಾಯ ಇದ್ದೇ ಇದೆ. ಸುಮಾರು 3 ಮೀಟರ್ ಚೌಕದ ಚಪ್ಪರದ ಒಂದೊಂದು ಕಾಲಿಗೂ ಕನಿಷ್ಠ 18 ಕೆ.ಜಿ. ಭಾರ ಕಟ್ಟುವುದು ವಾಡಿಕೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ, ಪಕ್ಕದ ಪರದೆ ಇಳಿಸಿದ್ದರೆ ಅದು ಹಾಯಿಯಂತೆ ಗಾಳಿ ತುಂಬಿಕೊಳ್ಳುತ್ತದೆ. ಕಲ್ಲು ಹಾಸಿದ ನೆಲದಲ್ಲಿ ಗೂಟ ಹೊಡೆಯಲಾಗದು. ಅಂಥಲ್ಲಿ ಈ ಭಾರವನ್ನೆಲ್ಲ ನೀವೇ ಸಾಗಿಸಬೇಕು, ಅದೂ ಖರ್ಚಿನ ಲೆಕ್ಕಕ್ಕೆ ಸೇರುತ್ತದೆ.

ಅಕ್ರಿಲಿಕ್ ಬಣ್ಣ ಒಣಗಿದ ಮೇಲೂ ಸೆಕೆಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ವಾಹನದೊಳಗೆ ಬಬಲ್ ರ‍್ಯಾಪ್ ಸುತ್ತಿಟ್ಟ ನನ್ನ ಒಂದು ಕ್ಯಾನ್ವಾಸನ್ನು ಬಿಚ್ಚಿದಾಗ, ಆಕಾಶದ ನೀಲಿಯ ಮೇಲೆಲ್ಲ ಸಾಲುಸಾಲು ದುಂಡು ಗುರುತು ಮೂಡಿತ್ತು. ಈಗ ಬಣ್ಣದ ಮುಖಕ್ಕೆ ಮೊದಲು ನುಣುಪಾದ ಅಂಟದ ಹಾಳೆ ಇಟ್ಟು, ಆಮೇಲೆ ಸುತ್ತುತ್ತೇನೆ. ಚಪ್ಪರ ಬಿಳಿಯದೇ ಇರಲಿ. ಬಣ್ಣದ ಮೇಲ್ಛಾವಣಿಯಡಿ ಎಲ್ಲ ಚಿತ್ರಗಳಿಗೂ ಅದೇ ಬಣ್ಣದ ಛಾಯೆ ಬರುತ್ತದೆ. ಮಧ್ಯಾಹ್ನದ ಬಿಸಿಲು ಯಾವ ಸಾಲಿಗೆ ನೇರ ಬೀಳುತ್ತದೆ ಎಂಬುದನ್ನು ಮೊದಲ ಭೇಟಿಯಲ್ಲೇ ಗುರುತು ಮಾಡಿಕೊಳ್ಳಿ. ಜಲವರ್ಣದವರಿಗಂತೂ ಇದು ಕಡ್ಡಾಯ.

6. ಆರು ವಾರ ಪುಸ್ತಕ ಮುಚ್ಚಬೇಡಿ

ಮೇಳ ಮುಗಿದ ರಾತ್ರಿಯೇ ಏನು ಹೋಯಿತು, ಯಾವ ಹೊತ್ತಿಗೆ, ಹವಾಮಾನ ಹೇಗಿತ್ತು ಎಂದು ಬರೆದಿಡಿ. ಜನ ತುಂಬ ಹೊತ್ತು ನಿಂತು ನೋಡಿ, ಬೆಲೆ ಕೇಳಿ, ಕೊಳ್ಳದೆ ಹೋದ ಚಿತ್ರಗಳಿಗೂ ಒಂದು ಪುಟ ಇರಲಿ. ‘ಒಂದು ಸುತ್ತು ಹಾಕಿ ಬರುತ್ತೇನೆ’ ಎಂದವರಲ್ಲಿ ಹೆಚ್ಚಿನವರು ಬರುವುದಿಲ್ಲ. ಆದರೆ ಅವರಲ್ಲೊಬ್ಬರು ಮೂರು ವಾರ ಬಿಟ್ಟು ಫೋನ್ ಮಾಡಿ, ‘ಆ ಬಾವಿಯ ಚಿತ್ರ ಇನ್ನೂ ಇದೆಯಾ?’ ಎಂದು ಕೇಳಬಹುದು. ಆ ಮಾರಾಟವೂ ಮೇಳದ ಖಾತೆಗೇ ಸೇರಬೇಕು. ಹಾಗಾಗಿ ಮುಂದಿನ ವರ್ಷದ ಜಾಗಕ್ಕೆ ಮುಂಗಡ ಕೇಳಿದರೆ ಕಡೇ ದಿನಾಂಕ ಯಾವುದೆಂದು ವಿಚಾರಿಸಿ, ಅಲ್ಲಿಯವರೆಗೆ ಕಾಯಿರಿ. ಎರಡೂ ದಿನ ಮಳೆ ಸುರಿದಿದ್ದರೆ ಆ ವರ್ಷದ ಲೆಕ್ಕವೊಂದನ್ನೇ ನೋಡಿ ಮೇಳವನ್ನು ಪಟ್ಟಿಯಿಂದ ತೆಗೆಯಬೇಡಿ. ಹವೆ ಚೆನ್ನಾಗಿದ್ದೂ ಬೋಣಿಯಾಗಲು ಸಂಜೆಯಾಗಿದ್ದರೆ ತೆಗೆಯಿರಿ.