ಲಕ್ಸೆಂಬರ್ಗ್‌: ಇಳಿಯಲು ಒಂದು ಲಿಫ್ಟು, ಹತ್ತಲು ಇನ್ನೊಂದು

ಯುರೋಪ್ ಸುತ್ತುವ ನಮ್ಮವರು ಲಕ್ಸೆಂಬರ್ಗ್‌ಗೆ ಒಂದು ದಿನ ಎತ್ತಿಡುತ್ತಾರೆ, ಸಂಜೆಗೆ ಮೊಣಕಾಲು ಹಿಡಿದು ಕೂರುತ್ತಾರೆ. ಮ್ಯಾಪನ್ನು ನಂಬಿದ್ದರ ಫಲ. ಅದರಲ್ಲಿ ಪಕ್ಕಪಕ್ಕ ಕಾಣುವ ಬೀದಿಗಳ ನಡುವೆ ಇಲ್ಲಿ ಕಡಿದಾದ ಬಂಡೆಯೇ ನಿಂತಿರುತ್ತದೆ.

ಮೊದಲು ಸಾರಿಗೆ. 2020ರ ಫೆಬ್ರುವರಿ 29ರಿಂದ ದೇಶದೊಳಗೆ ಬಸ್ಸು, ಟ್ರಾಮು, ಎರಡನೇ ದರ್ಜೆಯ ರೈಲು ಎಲ್ಲರಿಗೂ ಉಚಿತ. ಮೊದಲ ದರ್ಜೆಗೆ, ಗಡಿ ದಾಟುವ ಪ್ರಯಾಣಕ್ಕೆ ಮಾತ್ರ ಟಿಕೆಟ್. 'ಸಾರಿಗೆಯೂ ಸೇರಿದೆ' ಎಂದು ಆಸೆ ಹುಟ್ಟಿಸುವ ಪಾಸ್‌ಗಳಿಗೆ ಮರುಳಾಗಬೇಡಿ. ಮ್ಯೂಸಿಯಂ ಜಾಸ್ತಿ ನೋಡುವವರಾದರೆ ಲೆಕ್ಕ ಹಾಕಿ ಕೊಳ್ಳಿ.

ರಾಜಧಾನಿಯ ಹೆಸರೂ ಲಕ್ಸೆಂಬರ್ಗ್. ಅಲ್ಲಿನ ರೈಲು ನಿಲ್ದಾಣದಿಂದ ಟ್ರಾಮ್ ಹಿಡಿದು, ಮೇಲಿನ ಪೇಟೆಯ ಹಮಿಲಿಯಸ್ ಸ್ಟಾಪಿನಲ್ಲಿ ಇಳಿಯಿರಿ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ನೇರ ಬೊಕ್ ಬಂಡೆಗೆ ನಡೆಯಿರಿ. 963ರಲ್ಲಿ ಕೌಂಟ್ ಸೀಗ್‌ಫ್ರೀಡ್ ಕೋಟೆ ಕಟ್ಟಿದ ಜಾಗವಿದು. ಸ್ಪೇನಿನವರು 1644ರಲ್ಲಿ ಈ ಊರಿನಡಿ ತೋಡಲು ಶುರುಮಾಡಿ, ಆಮೇಲೆ ಬಂದವರು ಬೆಳೆಸಿದ ಸುರಂಗಜಾಲದ ಒಂದು ಭಾಗ ಇದರ ಹೊಟ್ಟೆಯಲ್ಲಿದೆ. ಬೇಸಿಗೆಯಲ್ಲೂ ಒಳಗೆ ಥಂಡಿ, ಸ್ವೆಟರ್ ಇರಲಿ. ಹೊರಬಂದವರು ಉತ್ಸಾಹದಲ್ಲಿ ಕೆಳಗೆ ಕಣಿವೆಯಲ್ಲಿರುವ ಗ್ರುಂಡ್ ಬಡಾವಣೆಗೆ ದಡದಡ ಇಳಿದು, ಅದೇ ಏರನ್ನು ಏದುಸಿರು ಬಿಡುತ್ತ ಹತ್ತುತ್ತಾರೆ. ನೀವು ಹಾಗೆ ಮಾಡಬೇಡಿ. ಕಾರ್ನಿಶ್ ಎಂಬ ಗೋಡೆಯಂಚಿನ ದಾರಿಯಲ್ಲಿ, ಎಡಕ್ಕೆ ಕಣಿವೆ ನೋಡುತ್ತ ಸೇಂಟ್ ಎಸ್ಪ್ರಿ ದಿಬ್ಬಕ್ಕೆ ಹೋಗಿ. ಅಲ್ಲಿ ಬಂಡೆಯೊಳಗೇ ಇಳಿಯುವ ಲಿಫ್ಟ್ ಇದೆ, ಅದೂ ಉಚಿತ. ಗ್ರುಂಡ್‌ನಿಂದ ಆಲ್ಜೆಟ್ ಹೊಳೆಯ ಜೊತೆಗೇ ನಡೆದರೆ ಫಾಫೆಂತಾಲ್ ಎಂಬ ಇನ್ನೊಂದು ಬಡಾವಣೆ ಬರುತ್ತದೆ. ಮೇಲೆ ಬರಲು ಅಲ್ಲಿನ 71 ಮೀಟರ್ ಎತ್ತರದ ಗಾಜಿನ ಲಿಫ್ಟ್. ತಲೆಸುತ್ತು ಬರುವವರು ಬಾಗಿಲ ಕಡೆ ಮುಖಮಾಡಿ ನಿಲ್ಲಿ.

ದಾರಿ ಕೇಳಲು ಭಾಷೆಯ ಚಿಂತೆ ಬೇಡ. ಲಕ್ಸೆಂಬರ್ಗಿಶ್, ಫ್ರೆಂಚ್, ಜರ್ಮನ್ ಮೂರೂ ಆಡಳಿತ ಭಾಷೆಗಳು. ನಿವಾಸಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಹೊರದೇಶದವರು, ಅದರಲ್ಲೂ ಪೋರ್ಚುಗಲ್‌ನವರು ಹೆಚ್ಚು. 'ಮೊಯೆನ್' ಎಂದರೆ ನಮಸ್ಕಾರ, ಹೊತ್ತು ಯಾವುದಾದರೂ ನಡೆಯುತ್ತದೆ.

ಎರಡನೇ ದಿನವಿದ್ದರೆ ಎಟ್ಟೆಲ್‌ಬ್ರುಕ್‌ವರೆಗೆ ರೈಲು, ಮುಂದೆ ಬಸ್ಸು, ವಿಯಾಂಡೆನ್ ಕೋಟೆ.

ವೀಸಾ ಅರ್ಜಿಯಲ್ಲಿ ಕಂಡು ಬೆವರಿದ 'ಶೆಂಗೆನ್' ಕೂಡ ಇಲ್ಲಿನ ಪುಟ್ಟ ಹಳ್ಳಿಯೇ. 1985ರ ಜೂನ್ 14ರಂದು ಮೊಸೆಲ್ ನದಿಯಲ್ಲಿ ಹಡಗಿನ ಮೇಲೆ, ದೇಶಗಳ ನಡುವಿನ ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಸಹಿ ಬಿತ್ತು. ಅಲ್ಲಿಗೆ ಅರ್ಧ ದಿನ ಸಾಕು. ಸೇತುವೆಯಾಚೆ ಜರ್ಮನಿ, ಅವರು 2024ರಿಂದ ಗಡಿ ತಪಾಸಣೆ ಮತ್ತೆ ಶುರುಮಾಡಿದ್ದಾರೆ. ಪಾಸ್‌ಪೋರ್ಟನ್ನು ಹೋಟೆಲ್ ರೂಮಿನಲ್ಲಿ ಬಿಟ್ಟು ಹೋಗಬೇಡಿ.