ಅಪ್‌ಡೇಟ್ ಮಾಡುವಾಗ ದನಿ ನಿಲ್ಲಬಾರದು ಅಂದರೆ ಏನು ಮಾಡಬೇಕು

ಮಂಡ್ಯ ಕಡೆ ನನಗೆ ಗೊತ್ತಿರುವ ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಬಳಕೆದಾರರಲ್ಲಿ ಎಷ್ಟೋ ಜನ ಅಪ್‌ಡೇಟ್ ಅಂದರೆ ಸಾಕು, ಬೇಡವೇ ಬೇಡ ಅಂತಾರೆ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಸ್ಕ್ರೀನ್ ರೀಡರ್ ಜೊತೆ ಅದು ತುಂಬ ನಿಧಾನವಾಗಿ, ಎಷ್ಟೋ ಜನ ಹಳೆಯ 52 ಇಎಸ್‌ಆರ್‌ಗೆ (ಪದೇ ಪದೇ ಬದಲಾಗದ ಫೈರ್‌ಫಾಕ್ಸ್ ಆವೃತ್ತಿ) ವಾಪಸ್ ಹೋಗಬೇಕಾಯಿತು. ಹಾಗಂತ ವರ್ಷಗಟ್ಟಲೆ ಹಳೆಯದಾದ ಬ್ರೌಸರ್‌ನಲ್ಲಿ ಬ್ಯಾಂಕ್ ಕೆಲಸ ಮಾಡುವುದು ಅದಕ್ಕಿಂತ ಅಪಾಯ. ಅಪ್‌ಡೇಟ್ ಮಾಡಿ. ಆದರೆ ದಿನ ನೀವು ಗೊತ್ತು ಮಾಡಿ, ಎರಡನೇ ದನಿ ಒಂದನ್ನು ರೆಡಿ ಇಟ್ಟುಕೊಂಡೇ ಮಾಡಿ.

ವಿಂಡೋಸ್‌ನಲ್ಲಿ ಆ ಎರಡನೇ ದನಿ ಆಗಲೇ ಇದೆ, ವಿಂಡೋಸ್ ಜೊತೆಗೇ ಬರುವ ಸ್ಕ್ರೀನ್ ರೀಡರ್ ನರೇಟರ್. ಕಂಟ್ರೋಲ್, ವಿಂಡೋಸ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಶುರುವಾಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಈಗಲೇ ಒಮ್ಮೆ ಒತ್ತಿ ನೋಡಿ.

ಇನ್ನೊಂದು, ಎನ್‌ವಿಡಿಎ ಅನ್ನುವ ಉಚಿತ ಸ್ಕ್ರೀನ್ ರೀಡರ್‌ನ ಪೋರ್ಟಬಲ್ ಕಾಪಿ, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಯುವ ಪ್ರತಿ. ಇನ್ಸರ್ಟ್ ಮತ್ತು ಎನ್ ಒತ್ತಿ ಮೆನು ತೆರೆಯಿರಿ, ಟೂಲ್ಸ್‌ಗೆ ಹೋಗಿ, ಕ್ರಿಯೇಟ್ ಪೋರ್ಟಬಲ್ ಕಾಪಿ ಆರಿಸಿ. ಪೆನ್‌ಡ್ರೈವ್‌ನ ಒಂದು ಫೋಲ್ಡರ್ ತೋರಿಸಿ. ಅಲ್ಲೇ ಈಗಿನ ಸೆಟ್ಟಿಂಗ್ಸ್ ಕಾಪಿ ಮಾಡಬೇಕಾ ಅಂತ ಒಂದು ಚೆಕ್‌ಬಾಕ್ಸ್ ಬರುತ್ತದೆ, ಅದಕ್ಕೆ ಟಿಕ್ ಹಾಕುವುದನ್ನು ಮರೀಬೇಡಿ. ಹಾಕಿದರೆ ನಿಮ್ಮ ಮಾತಿನ ವೇಗ, ಇ-ಸ್ಪೀಕ್ ಅನ್ನುವ ದನಿ ತಂತ್ರಾಂಶದ ಕನ್ನಡ ದನಿ, ಆ್ಯಡ್-ಆನ್ (ಹೆಚ್ಚುವರಿಯಾಗಿ ಸೇರಿಸಿಕೊಂಡ ಸೌಲಭ್ಯ) ಎಲ್ಲವೂ ಜೊತೆಗೇ ಬರುತ್ತವೆ. ಹೊಸ ವರ್ಷನ್ ಕೈಕೊಟ್ಟರೆ ಪೆನ್‌ಡ್ರೈವ್‌ನಿಂದ ಹಳೆಯದನ್ನು ಶುರು ಮಾಡಿ ಕೆಲಸ ಮುಂದುವರಿಸಬಹುದು. ಒಂದು ಮಿತಿ ಇದೆ: ವಿಂಡೋಸ್ ಅನುಮತಿ ಕೇಳುವ ಯೆಸ್-ನೋ ಪರದೆ ಬಂದರೆ ಪೋರ್ಟಬಲ್ ಕಾಪಿ ಸುಮ್ಮನಾಗುತ್ತದೆ. ಆಗ ನರೇಟರ್ ಬೇಕು.

ಎನ್‌ವಿಡಿಎ ವರ್ಷನ್‌ಗಳ ಹೆಸರು ಇಸವಿಯಿಂದಲೇ ಶುರು, 2024.1, 2024.2 ಹೀಗೆ. ಕೊನೆಗೆ ಪಾಯಿಂಟ್ ಒಂದು ಇರುವ, ವರ್ಷದ ಮೊದಲ ಬಿಡುಗಡೆ ಬಂದಾಗ ಜಾಸ್ತಿ ಹುಷಾರಾಗಿರಿ. ಹಳೆಯ ಆ್ಯಡ್-ಆನ್‌ಗಳು ಹೊಂದದೇ ಹೋಗುವುದು ಸಾಮಾನ್ಯವಾಗಿ ಆಗಲೇ. ಇನ್‌ಸ್ಟಾಲ್‌ಗೆ ಮುಂಚೆ ಎನ್‌ವಿಡಿಎಯೇ ಎಚ್ಚರಿಕೆ ಕೊಟ್ಟು, ಯಾವುವು ಹೊಂದುವುದಿಲ್ಲ ಅಂತ ಪಟ್ಟಿಯನ್ನೂ ತೋರಿಸುತ್ತದೆ. ಅದನ್ನು ಓದದೆ ಮುಂದೆ ಹೋಗಬೇಡಿ. ದಿನಾ ಬೇಕಾದ ಆ್ಯಡ್-ಆನ್ ಅದರಲ್ಲಿದ್ದರೆ ಕೆಲವು ವಾರ ಕಾಯಿರಿ. ಜಾಸ್ ಅನ್ನುವ ಇನ್ನೊಂದು ಸ್ಕ್ರೀನ್ ರೀಡರ್ ಬಳಸುವವರಿಗೆ ಇದು ಸುಲಭ, ಹಳೆಯ ಮತ್ತು ಹೊಸ ವರ್ಷನ್ ಎರಡನ್ನೂ ಒಂದೇ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಬಹುದು.

ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ, ಅಪ್‌ಡೇಟ್ ಇದೆಯಾ ಅಂತ ನೋಡಿ, ಹಾಕುವ ತೀರ್ಮಾನ ನನಗೆ ಬಿಡಿ ಅನ್ನುವ ಆಯ್ಕೆ ಇದೆ. ಪದೇ ಪದೇ ಬದಲಾವಣೆ ಬೇಡ ಅನ್ನುವವರಿಗೆ ಇಎಸ್‌ಆರ್ ಒಳ್ಳೆಯದು, ಭದ್ರತೆಯ ತಿದ್ದುಪಡಿ ಬರುತ್ತಿರುತ್ತದೆ, ದೊಡ್ಡ ಬದಲಾವಣೆ ಸುಮಾರು ವರ್ಷಕ್ಕೊಮ್ಮೆ. ಕ್ರೋಮ್ ಹಾಗೆ ಕೇಳುವುದಿಲ್ಲ, ತಾನೇ ಇಳಿಸಿಕೊಂಡು ಮುಂದಿನ ಸಲ ಶುರುವಾಗುವಾಗ ಬದಲಾಗಿರುತ್ತದೆ. ಅದಕ್ಕೇ ಎರಡು ಬ್ರೌಸರ್ ಇರಲಿ. ಕ್ರೋಮ್ ಮತ್ತು ಎಡ್ಜ್ ಒಳಗೆ ಇರುವುದು ಒಂದೇ ಎಂಜಿನ್, ಹಾಗಾಗಿ ಅವೆರಡೇ ಸಾಲದು, ಫೈರ್‌ಫಾಕ್ಸ್ ಒಂದು ಇರಲೇಬೇಕು.

ಬ್ರೌಸರ್ ಮತ್ತು ಸ್ಕ್ರೀನ್ ರೀಡರ್ ಎರಡನ್ನೂ ಒಂದೇ ದಿನ ಅಪ್‌ಡೇಟ್ ಮಾಡಲೇಬೇಡಿ. ಮಾಡಿದರೆ ತೊಂದರೆ ಯಾವುದರಿಂದ ಬಂತು ಅಂತ ಹುಡುಕುವುದೇ ಕಷ್ಟ. ಒಂದನ್ನು ಮಾಡಿ, ನಿಮಗೆ ಬಾಯಿಪಾಠ ಆಗಿರುವ ಒಂದು ಪುಟ ತೆರೆಯಿರಿ. ಎಚ್ ಒತ್ತಿ ಹೆಡಿಂಗ್‌ಗಳು, ಇ ಒತ್ತಿ ಟೈಪ್ ಮಾಡುವ ಜಾಗ, ಬಿ ಒತ್ತಿ ಬಟನ್‌ಗಳು ಮೊದಲಿನ ಹಾಗೇ ಸಿಗುತ್ತವಾ ನೋಡಿ. ಒಂದು ಬ್ರೌಸರ್‌ನಲ್ಲಿ ಮಾತ್ರ ಕೆಟ್ಟಿದ್ದರೆ ಅನುಮಾನ ಬ್ರೌಸರ್ ಮೇಲೆ. ಎರಡರಲ್ಲೂ ಕೆಟ್ಟಿದ್ದು, ನರೇಟರ್‌ನಲ್ಲಿ ಸರಿಯಾಗಿ ಓದಿದರೆ, ನಿಮ್ಮ ಸ್ಕ್ರೀನ್ ರೀಡರ್ ಕಡೆ ನೋಡಿ. ಮೂರರಲ್ಲೂ ಆಗದಿದ್ದರೆ ಆ ಸೈಟ್‌ನವರೇ ಏನೋ ಬದಲಾಯಿಸಿರುವ ಸಾಧ್ಯತೆ ಜಾಸ್ತಿ.

ವಿಂಡೋಸ್‌ನ ಮಾಸಿಕ ಅಪ್‌ಡೇಟ್ ಬರುವುದು ಎರಡನೇ ಮಂಗಳವಾರ, ನಮಗೆ ರಾತ್ರಿ ಹೊತ್ತಿಗೆ. ಆ ವಾರ ಅರ್ಜಿ ತುಂಬುವುದೋ ಆನ್‌ಲೈನ್ ಪರೀಕ್ಷೆಯೋ ಇದ್ದರೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ಪಾಸ್ (Pause) ಆಯ್ಕೆಯಿಂದ ಅಪ್‌ಡೇಟ್ ತಾತ್ಕಾಲಿಕವಾಗಿ ನಿಲ್ಲಿಸಿ. ವಿಂಡೋಸ್ 11ರಲ್ಲಿ ಐದು ವಾರದವರೆಗೂ ತಡೆಯಬಹುದು. ಅಪ್‌ಡೇಟ್ ನಡೆಯುವಾಗ ದನಿ ಇರುವುದಿಲ್ಲ, ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಬೇಸಿಗೆಯಲ್ಲಿ ಹಳ್ಳಿ ಕಡೆ ಕರೆಂಟು ಯಾವಾಗ ಹೋಗುತ್ತೋ ಹೇಳಕ್ಕಾಗಲ್ಲ, ಅಲ್ವಾ? ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆದ ಮೇಲೆ ಶುರು ಮಾಡಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ.

ಏನಾದರೂ ಕೆಟ್ಟಿದ್ದರೆ ಸ್ಕ್ರೀನ್ ರೀಡರ್, ಬ್ರೌಸರ್, ವಿಂಡೋಸ್ ಮೂರರ ವರ್ಷನ್ ಬರೆದುಕೊಂಡು, ಯಾವ ಕೀ ಒತ್ತಿದಾಗ ಏನು ಓದಿತು, ಏನು ಓದಬೇಕಿತ್ತು ಅಂತ ಅದನ್ನು ತಯಾರಿಸಿದವರಿಗೆ ಕಳಿಸಿ. ಎನ್‌ವಿಡಿಎ ತೊಂದರೆಗಳನ್ನು ಗಿಟ್‌ಹಬ್ ಅನ್ನುವ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ದಾಖಲಿಸಬಹುದು. ಕನ್ನಡ ಅಕ್ಷರ ತಪ್ಪಾಗಿ ಓದುವ ತೊಂದರೆಯನ್ನಂತೂ ಖಂಡಿತ ಬರೆಯಿರಿ, ಅದನ್ನು ಕೇಳಿ ಕಂಡುಹಿಡಿಯುವವರು ನಾವೇ.