ಇ-ರೀಡರ್ ಕೊಳ್ಳುವ ಮುನ್ನ ಒತ್ತಕ್ಷರ ನೋಡಿ

ಇ-ರೀಡರ್ ಎಂದರೆ ಪುಸ್ತಕ ಓದಲೆಂದೇ ಇರುವ ಎಲೆಕ್ಟ್ರಾನಿಕ್ ಸಾಧನ. ಅದರ ಇ-ಇಂಕ್ ಪರದೆಯು ಕಾಗದದಂತೆ ಹೊರಗಿನ ಬೆಳಕನ್ನೇ ಪ್ರತಿಫಲಿಸುವುದರಿಂದ ಬಿಸಿಲಿನಲ್ಲಿಯೂ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಓದಬಹುದು. ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುವ ಅನುಕೂಲವಂತೂ ನನ್ನ ತಾಯಿಯವರಿಗೆ ಓದಿನ ಸುಖವನ್ನೇ ಮರಳಿ ಕೊಟ್ಟಿದೆ. ಆದರೆ ಕನ್ನಡ ಓದುಗರು ಗಮನಿಸಲೇಬೇಕಾದ ತೊಡಕೊಂದಿದೆ. ನಮ್ಮ ಅನೇಕ ಹಳೆಯ ಪುಸ್ತಕಗಳು ಸ್ಕ್ಯಾನ್ ಮಾಡಿದ ಪಿಡಿಎಫ್ ರೂಪದಲ್ಲಷ್ಟೇ ಸಿಗುತ್ತವೆ. ಅವು ಪುಟದ ಚಿತ್ರಗಳಾಗಿರುವುದರಿಂದ 6 ಇಂಚಿನ ಪರದೆಯಲ್ಲಿ ಅಕ್ಷರಗಳು ಇರುವೆಯಷ್ಟಾಗಿ, ‘ರಾಷ್ಟ್ರ’ ಎಂಬ ಪದದ ಕೆಳಗಿನ ಒತ್ತುಗಳು ಒಂದಕ್ಕೊಂದು ಅಂಟಿದಂತೆ ತೋರುತ್ತವೆ. ಸಾಧನವನ್ನು ಅಡ್ಡಲಾಗಿ ತಿರುಗಿಸಿ ಅರ್ಧ ಅರ್ಧ ಪುಟವಾಗಿ ಓದುವುದು ಒಂದು ದಾರಿ. ಪರದೆಯ ಅಳತೆಗೆ ತಕ್ಕಂತೆ ಅಕ್ಷರಗಳು ಹೊಂದಿಕೊಳ್ಳುವ ಇಪಬ್ ರೂಪದ ಪುಸ್ತಕಗಳಲ್ಲಿ ಈ ಕಷ್ಟವಿಲ್ಲ; ಆದರೂ ಕೊಳ್ಳುವ ಮುನ್ನ ಕನ್ನಡದ ಕಡತವೊಂದನ್ನು ಅದೇ ಸಾಧನದಲ್ಲಿ ತೆರೆದು, ಒತ್ತಕ್ಷರಗಳು ಬಿಡಿಬಿಡಿಯಾಗದೆ ಸರಿಯಾಗಿ ಕೂಡಿಕೊಂಡಿವೆಯೇ ಎಂದು ದಯವಿಟ್ಟು ಪರೀಕ್ಷಿಸಿ.